ಹೊಟ್ಟೆ ಕೆಡಿಸುವ ಕೆಲಸ

ಮ್ಯಾನೇಜರ್ ಕುರ್ಚಿ ದೊಡ್ಡಳಿಯನಿಗೆ ಹೋಯಿತು. ಕುರ್ಚಿಯಲ್ಲೇನಿದೆ ಬಿಡಿ ಎನ್ನುವವರಿದ್ದಾರೆ. ಅವರು ಸಾಮಾನ್ಯವಾಗಿ ಆ ಮಾತನ್ನು ಕುರ್ಚಿಯ ಮೇಲೆ ಕೂತೇ ಹೇಳುತ್ತಾರೆ. ಚಿಕ್ಕಳಿಯ ಸುದ್ದಿ ಕೇಳಿದ್ದು ಅರೆಯುವ ಯಂತ್ರದ ಪಕ್ಕ ನಿಂತು, ಯಾರೋ ತಿಂದು ಬಿಟ್ಟ ಊಟವನ್ನು ಮೊಣಕೈವರೆಗೆ ಮೆತ್ತಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು.

“ನೋಡಪ್ಪ, ಅವನು ಮಾತಾಡ್ತಾನೆ, ನೀನು ಕೆಲಸ ಮಾಡ್ತೀಯ,” ಎಂದರು ಮಾವ. “ಮಾತಾಡೋರನ್ನ ಕುರ್ಚಿ ಮೇಲೆ ಕೂರಿಸ್ಬೇಕು. ಕೆಲಸ ಮಾಡೋರನ್ನ ಕೂರಿಸಿದ್ರೆ ಕೆಲಸ ನಿಂತುಹೋಗುತ್ತೆ.”

“ಆಯ್ತು ಮಾವ,” ಎಂದ ಚಿಕ್ಕಳಿಯ. ಆಮೇಲೆ ಇನ್ನೊಂದು ಡ್ರಮ್ಮು ಎತ್ತಿ ಯಂತ್ರಕ್ಕೆ ಸುರಿದ. ಡ್ರಮ್ಮು ಖಾಲಿಯಾಗುವಷ್ಟರಲ್ಲಿ ಏನು ಮಾಡಬೇಕೆಂಬುದು ಅವನಿಗೆ ಗೊತ್ತಾಗಿತ್ತು. ಹೇಗೆ ಮಾಡಬೇಕೆಂಬುದಷ್ಟೇ ಬಾಕಿ ಉಳಿಯಿತು.

ಮಾವನ ಕಾರ್ಖಾನೆ ಊರಿನ ಎಂಜಲಿನ ಮೇಲೆ ನಡೆಯುತ್ತಿತ್ತು. ಹಾಸ್ಟೆಲು, ಕ್ಯಾಂಟೀನು, ಹೋಟೆಲು, ತರಕಾರಿ ಮಾರುಕಟ್ಟೆಗಳಲ್ಲಿ ಉಳಿದದ್ದು, ಕೊಳೆತದ್ದು, ತಟ್ಟೆಯಲ್ಲಿ ಬಿಟ್ಟದ್ದು ಎಲ್ಲವನ್ನೂ ತಂದು, ಅರೆದು, ನೀರು ಕೂಡಿಸಿ, ಗಾಳಿಯಾಡದ ಒಂದು ದೊಡ್ಡ ತೊಟ್ಟಿಗೆ ಬಿಡುತ್ತಿದ್ದರು. ಒಳಗಿದ್ದ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಗ್ಯಾಸು ಬಿಡುತ್ತಿದ್ದವು. ಆ ಗ್ಯಾಸಿನಿಂದ ಪಕ್ಕದ ಬೇಕರಿಯ ಒಲೆ, ಹಿಂದಿನ ಹಾಸ್ಟೆಲಿನ ಅಡುಗೆಮನೆ ಎರಡೂ ಉರಿಯುತ್ತಿದ್ದವು. ಅಲ್ಲಿ ಬೆಂದದ್ದರಲ್ಲಿ ಮಿಕ್ಕಿದ್ದು ಮತ್ತೆ ಇಲ್ಲಿಗೇ ಬರುತ್ತಿತ್ತು. ತೊಟ್ಟಿಯಿಂದ ಹೊರಬಿದ್ದ ಗಸಿ ತೋಟಗಳಿಗೆ ಗೊಬ್ಬರವಾಗಿ ಹೋಗಿ ತರಕಾರಿಯಾಗಿ ತಿರುಗಿ ಬರುತ್ತಿತ್ತು. ದೊಡ್ಡಳಿಯ ಇದಕ್ಕೆ ವರ್ತುಲ ಆರ್ಥಿಕತೆ ಎನ್ನುತ್ತಿದ್ದ. ಹೇಳುವಾಗ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದ. ಕೆಲಸದವರು ಅಷ್ಟು ದೂರ ಹೋಗದೆ ತೊಟ್ಟಿಯನ್ನು ಹೊಟ್ಟೆ ಎಂದು ಕರೆಯುತ್ತಿದ್ದರು. ಹೊಟ್ಟೆಗೆ ಹಾಕಿ, ಹೊಟ್ಟೆ ಉಬ್ಬಿದೆ, ಹೊಟ್ಟೆ ಇವತ್ತು ಯಾಕೋ ಮಂದ.

ದೊಡ್ಡಳಿಯ ಮೊದಲು ಫ್ರಿಜ್ಜು ಮಾರುತ್ತಿದ್ದ. ಊಟ ಕೆಡದಂತೆ ಕಾಯುವ ಕಸುಬಿನಿಂದ ಕೆಟ್ಟ ಊಟದ ಕಸುಬಿಗೆ ಬಂದವನು, ಅದೂ ಎಲ್ಲ ನೆಲೆಗೆ ನಿಂತ ಮೇಲೆ. ಹೊಟ್ಟೆಯನ್ನು ಹುಟ್ಟಿಸಿದವನು ಚಿಕ್ಕಳಿಯ. ಖಾಲಿ ತೊಟ್ಟಿಗೆ ಸಗಣಿ ನೀರು ಹೊತ್ತು ತಂದು ತುಂಬಿಸಿ, ಚಳಿಗೆ ಗೋಣಿ ಹೊದಿಸಿ, ಬಾಣಂತಿಗೆ ಹಾಕುವಂತೆ ಹದವಾಗಿ ಊಟ ಹಾಕಿ ಬೆಳೆಸಿದವನು ಅವನು. ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ತಡವಾಗಿ ಹೋದದ್ದೂ ಹೊಟ್ಟೆಗೆ ಅಂದು ಹುಷಾರಿಲ್ಲದ್ದರಿಂದಲೇ. ಹೆಂಡತಿ ಅದನ್ನು ಕ್ಷಮಿಸಿದ್ದಳು, ಮರೆತಿರಲಿಲ್ಲ.

ಹೆಂಡತಿಯ ವಿಷಯ ಬೇರೆಯೇ. ಅವನು ಮನೆ ಬಾಗಿಲಿಗೆ ಬಂದಾಗ ಅವಳು ಕೇಳುತ್ತಿದ್ದ ಮೊದಲ ಮಾತು, ಸ್ನಾನ ಆಯ್ತಾ. ಆಯ್ತು ಎಂದರೆ ಎರಡನೆಯ ಮಾತು, ಇನ್ನೊಂದ್ಸಲ ಮಾಡಿ. ಅವನ ಟವೆಲು ಬೇರೆ, ಬಕೆಟ್ಟು ಬೇರೆ, ಹಾಸಿಗೆ ನಡುಮನೆಯಲ್ಲಿ. ಕಸದ ಕೆಲಸದವನ ಸಂಸಾರ ಹೀಗೇ ಎಂದು ಅವನು ಒಪ್ಪಿಕೊಂಡಿದ್ದ. ಆದರೆ ಕುರ್ಚಿಯ ಸುದ್ದಿ ಬಂದ ಸಂಜೆ ಅವಳು ಬಟ್ಟೆ ಮಡಿಸುತ್ತ ತಲೆ ಎತ್ತದೆ ಒಂದು ಮಾತು ಕೇಳಿದಳು.

“ಅಕ್ಕ ಇನ್ನು ಮ್ಯಾನೇಜರ್ ಹೆಂಡ್ತಿ. ಯಾರಾದ್ರೂ ಕೇಳಿದ್ರೆ ನಾನು ಯಾರ ಹೆಂಡ್ತಿ ಅನ್ಲಿ?”

ಕುರ್ಚಿ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು. ಆ ಪ್ರಶ್ನೆಗೆ ಅವಳು ತಲೆ ಎತ್ತಿ ಕೊಡಬಹುದಾದ ಒಂದು ಉತ್ತರ ಅವನಿಗೆ ಬೇಕಾಗಿತ್ತು.

ದೊಡ್ಡಳಿಯನಿಗೆ ಕೇಡು ಮಾಡುವ ಯೋಚನೆ ಅವನಿಗೆ ಬರಲೇ ಇಲ್ಲ. ಅದು ಒರಟರ ಕೆಲಸ. ಹಾವು ಸಾಯಬೇಕು, ಕೋಲು ಮುರಿಯಬಾರದು. ಮಳೆಗಾಲ ಮುಗಿದ ಮೇಲೆ ನಗರಸಭೆಯವರು ಕಾರ್ಖಾನೆ ನೋಡಲು ಬರುವವರಿದ್ದರು. ಮೆಚ್ಚಿದರೆ ಊರಿನ ಪ್ರತಿ ಬಡಾವಣೆಗೂ ಇಂಥದೇ ಒಂದು ತೊಟ್ಟಿ, ಎಲ್ಲದರ ಮೇಲೂ ಒಬ್ಬನೇ ಯಜಮಾನ. ಅಷ್ಟರಲ್ಲಿ ಹೊಟ್ಟೆ ಕೆಡಬೇಕು. ಬೆಂಕಿ ಆರಬೇಕು. ದೊಡ್ಡಳಿಯ ಎಲ್ಲರ ಮುಂದೆ ಕೈ ಚೆಲ್ಲಬೇಕು. ಆಗ ಮಾವ ಕರೆಯುವುದು ಯಾರನ್ನು? ಹೊಟ್ಟೆಯ ನಾಡಿ ಬಲ್ಲವನನ್ನು. ಅವನು ಬಂದು, ಕೆಲಕಾಲ ಲಂಘನ ಹಾಕಿಸಿ, ಸುಣ್ಣ ಕುಡಿಸಿ, ಹೊಸ ಸಗಣಿ ಕೂಡಿಸಿ ಅದನ್ನು ಎಬ್ಬಿಸಿ ಕೂರಿಸುತ್ತಾನೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಹಳೆಯ ವಿದ್ಯೆ. ಚಿಕ್ಕಳಿಯ ಅದನ್ನು ಕಾರ್ಖಾನೆ ಮಟ್ಟಕ್ಕೆ ಏರಿಸಿದನಷ್ಟೆ.

ಆಯುಧ ಹುಡುಕುವುದು ಸುಲಭವಿರಲಿಲ್ಲ. ಬ್ಲೀಚಿಂಗ್ ಪುಡಿ ಹಾಕಬಹುದಿತ್ತು, ಪ್ರಯೋಗಾಲಯದವರು ಹಿಡಿಯುತ್ತಾರೆ. ಉಪ್ಪನ್ನು ಹಿಡಿಯುತ್ತಾರೆ, ಔಷಧಿಯನ್ನೂ ಹಿಡಿಯುತ್ತಾರೆ. ಕೊಲೆ ಮಾಡಿದ ಚಾಕುವನ್ನು ಸತ್ತವನೇ ತಿಂದುಬಿಡುವಂತಿರಬೇಕು. ಅಂದರೆ ಅದು ಊಟವಾಗಿರಬೇಕು. ಯಾರೂ ಅನುಮಾನಿಸದ, ದಿನವೂ ಊರೆಲ್ಲ ತಿಂದು ಎಸೆಯುವ ವಸ್ತುವಾಗಿರಬೇಕು.

ಕಿತ್ತಳೆ ಸಿಪ್ಪೆ.

ಅದು ಅವನನ್ನೂ ಮಾವನನ್ನೂ ಬಿಟ್ಟರೆ ಕಾರ್ಖಾನೆಯಲ್ಲಿ ಇನ್ಯಾರಿಗೂ ತಿಳಿಯದ ಗುಟ್ಟು. ಹೊಟ್ಟೆ ಇನ್ನೂ ಎಳೆಯದಾಗಿದ್ದಾಗ ಜ್ಯೂಸ್ ಅಂಗಡಿಗಳ ಕಸ ತಂದು ಹಾಕಿದ್ದರು. ಸಿಪ್ಪೆಯೊಳಗಿನ ಎಣ್ಣೆ ಗ್ಯಾಸು ಮಾಡುವ ಜೀವಿಗಳನ್ನು ಕೊಲ್ಲುತ್ತದೆ, ಹುಳಿ ಮಾಡುವ ಜೀವಿಗಳನ್ನು ಮುಟ್ಟುವುದಿಲ್ಲ. ಹುಳಿ ಏರುತ್ತಾ ಹೋಗಿ ತೊಟ್ಟಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯಂತಾಗುತ್ತದೆ. ಮಾವ, ಅಳಿಯ ಇಬ್ಬರೇ ಕೂತು ಅದನ್ನು ಉಳಿಸಿಕೊಂಡಿದ್ದರು. “ಇದು ನಮ್ಮಿಬ್ಬರಲ್ಲೇ ಇರ್ಲಿ,” ಎಂದಿದ್ದರು ಮಾವ. “ಆಗದವರಿಗೆ ಗೊತ್ತಾದ್ರೆ ನಾಲ್ಕು ಬುಟ್ಟಿ ಸಿಪ್ಪೆಲಿ ನಮ್ಮನ್ನ ಮುಗಿಸ್ತಾರೆ.” ಅಂದಿನಿಂದ ಬಾಗಿಲಲ್ಲೇ ನಿಂತು ಸಿಪ್ಪೆಯನ್ನು ಬೇರ್ಪಡಿಸಿ ವಾಪಸ್ಸು ಕಳಿಸುವುದು ಚಿಕ್ಕಳಿಯನ ಕೆಲಸವಾಗಿತ್ತು. ಕಾವಲುಗಾರನೇ ಕಳ್ಳನಾಗುವುದರಲ್ಲಿ ಇರುವ ಅನುಕೂಲ ಇನ್ನಾವುದರಲ್ಲೂ ಇಲ್ಲ.

ಮಾವನಿಗೆ ಅನುಮಾನ ಬರಬಹುದಿತ್ತು. ಆದರೆ ಮಂಡಿನೋವು ಬಂದ ಮೇಲೆ ಅವರು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಿದ್ದರು. ಕಣ್ಣಿಗೆ ಬಿದ್ದರೆ ತಾನೇ ಅನುಮಾನ. ಸಿಪ್ಪೆಯ ಬಣ್ಣ ಎದ್ದು ಕಾಣುತ್ತದೆ ನಿಜ. ಹಾಗಾಗಿ ಮಾರುಕಟ್ಟೆಯಿಂದ ಕ್ಯಾರೆಟ್ಟು, ಕುಂಬಳ ಹೆಚ್ಚು ಬರುವಂತೆ ಅವನು ನೋಡಿಕೊಂಡ. ಅರೆದ ಮೇಲೆ ಯಾವುದು ಯಾವುದೆಂದು ಹೇಳಲು ಬ್ರಹ್ಮನಿಂದಲೂ ಆಗದು.

ವಾಸನೆಯ ಬಗ್ಗೆಯೂ ಯೋಚಿಸಿದ. ಯೋಚಿಸದೆ ಬಿಡುವ ಹುಂಬ ಅವನಲ್ಲ. ಆ ಅಂಗಳದಲ್ಲಿ ಯಾರ ಮೂಗೂ ಬದುಕಿ ಉಳಿದಿರಲಿಲ್ಲ. ಹೊಸಬರು ಬಂದಾಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಕರಿಸುತ್ತಾರೆ, ಒಂದು ವರ್ಷ ಕಳೆಯುವಷ್ಟರಲ್ಲಿ ಡ್ರಮ್ಮಿಗೆ ಒರಗಿಕೊಂಡು ಬುತ್ತಿ ಬಿಚ್ಚುತ್ತಾರೆ. ಗೇಟಿನವನು ಮಲ್ಲಿಗೆಗೂ ಕೊಳೆತ ಕೋಸಿಗೂ ವ್ಯತ್ಯಾಸ ಹೇಳಲಾರ. ಲಾರಿಯ ಚಾಲಕನ ಕಥೆಯೂ ಅಷ್ಟೆ. ಅರೆಯುವ ಯಂತ್ರ ನಡೆಸುವ ಹೆಂಗಸನ್ನು ಎಲ್ಲರೂ ಯಂತ್ರದಮ್ಮ ಎನ್ನುತ್ತಿದ್ದರು, ಅವಳಂತೂ ಮನೆಯಲ್ಲಿ ಹಾಲು ಸೀದದ್ದೂ ತಿಳಿಯುವುದಿಲ್ಲವೆಂದು ಹೇಳಿಕೊಂಡು ನಗುತ್ತಿದ್ದಳು. ಮಾವ ಬದುಕೆಲ್ಲ ಕಸದಲ್ಲೇ ಕಳೆದವರು, ಮೂಗನ್ನು ಮಂಡಿಗಿಂತ ಮೊದಲೇ ಕಳೆದುಕೊಂಡಿದ್ದರು. ಉಳಿದವನು ದೊಡ್ಡಳಿಯ. ಅವನು ಗಾಜಿನ ಕೋಣೆಯಲ್ಲಿ ಸುಗಂಧದ ಡಬ್ಬಿ ಒತ್ತುತ್ತಾ ಕೂರುತ್ತಿದ್ದ, ಅತಿಥಿಗಳು ಬಂದರೆ ಅತ್ತರು ಹಚ್ಚಿದ ಮಾಸ್ಕು ಕೊಡಿಸುತ್ತಿದ್ದ. ಚಿಕ್ಕಳಿಯ ಒಬ್ಬೊಬ್ಬರನ್ನೇ ನೆನೆದು, ಒಬ್ಬೊಬ್ಬರ ಮೂಗನ್ನೇ ಲೆಕ್ಕದಿಂದ ಹೊಡೆದುಹಾಕಿದ. ಯಾರೂ ಉಳಿಯಲಿಲ್ಲ.

ಕೆಲಸ ಶುರುವಾಯಿತು. ಬಸ್ ನಿಲ್ದಾಣದ ಸುತ್ತ ಜ್ಯೂಸ್ ಅಂಗಡಿಗಳಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನು ಕಾರು ನಿಲ್ಲಿಸಿ, ಗಿಡಕ್ಕೆ ಬೇಕು ಎಂದು ಸಿಪ್ಪೆ ತುಂಬಿದ ಚೀಲಗಳನ್ನು ಎತ್ತಿಕೊಳ್ಳುತ್ತಿದ್ದ. ಅಂಗಡಿಯವರು ಸಂತೋಷವಾಗಿ ಕೊಟ್ಟರು. ಏನನ್ನಾದರೂ ಕೊಳ್ಳಲು ಹೋದವನ ಮುಖ ಅಂಗಡಿಯವನಿಗೆ ನೆನಪಿರುತ್ತದೆ, ಕಸ ಒಯ್ಯುವವನ ಮುಖವನ್ನು ಯಾರೂ ನೋಡುವುದಿಲ್ಲ. ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಡಿಕ್ಕಿ ತುಂಬಿದ ಮೇಲೆ ಹಿಂದಿನ ಸೀಟಿಗೂ ಹಾಕುತ್ತಿದ್ದ, ಕಿಟಕಿಗಳನ್ನು ಭದ್ರವಾಗಿ ಏರಿಸಿಕೊಂಡು ಬರುತ್ತಿದ್ದ. ಮಧ್ಯಾಹ್ನ ಯಂತ್ರದಮ್ಮನನ್ನು ಊಟಕ್ಕೆ ಕಳಿಸಿ ತಾನೇ ಯಂತ್ರದ ಮುಂದೆ ನಿಲ್ಲುತ್ತಿದ್ದ. ಮೇಲಿನವರೇ ಹೀಗೆ ಕೈ ಹಾಕಿದರೆ ಕೆಲಸದವರಿಗೆ ಎಷ್ಟು ಸಮಾಧಾನ ನೋಡಿ ಎಂದು ಅವಳು ಬೇರೆಯವರ ಹತ್ತಿರ ಹೊಗಳಿದಳು.

ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವನಲ್ಲ. ಅವನ ಹೆಗಲು ಮೊದಲೇ ಶುಚಿಯಾಗಿರುತ್ತಿತ್ತು. ಉಗುರಿನ ಸಂದಿಯ ಹಳದಿಯನ್ನು ಬ್ರಷ್ಷು ಹಾಕಿ ಉಜ್ಜುತ್ತಿದ್ದ. ಕಾಲರಿಗೆ ಅಂಟಿದ ಒಂದು ಎಳೆಯನ್ನೂ ಬಿಡದೆ ಕನ್ನಡಿಯ ಮುಂದೆ ಹೆಕ್ಕುತ್ತಿದ್ದ. ಕಾರಿನ ಸೀಟನ್ನು ಬೆರಳಾಡಿಸಿ ನೋಡಿ, ಚೀಲಗಳನ್ನು ಕೊಡವಿ ಮಡಿಸಿ ಸೀಟಿನ ಕೆಳಗೆ ಇಡುತ್ತಿದ್ದ. ಭೂತಕನ್ನಡಿ ಹಿಡಿದು ಬಂದರೂ ಸಿಗುವುದು ಒಬ್ಬ ಅಚ್ಚುಕಟ್ಟಾದ ಮನುಷ್ಯ.

ಮೊದಮೊದಲು ಹೊಟ್ಟೆ ಏನೂ ಹೇಳಲಿಲ್ಲ. ಕಷ್ಟಪಟ್ಟು ಬೆಳೆಸಿದ ಹೊಟ್ಟೆ, ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ. ಅವನಿಗೆ ಅದರ ಬಗ್ಗೆ ಹೆಮ್ಮೆಯೇ ಆಯಿತು, ಸಿಪ್ಪೆ ಹೆಚ್ಚಿಸಿದ. ಆಮೇಲೆ ಗ್ಯಾಸಿನ ಒತ್ತಡ ಇಳಿಯತೊಡಗಿತು. ತೊಟ್ಟಿಯ ಮೇಲಿನ ರಬ್ಬರಿನ ಗುಮ್ಮಟ ಬಿಗಿ ಕಳೆದುಕೊಂಡು ಮುದುಕನ ಕೆನ್ನೆಯಂತೆ ಒಳಗೆ ಸರಿಯಿತು.

“ಏನೋ ತಿನ್ಬಾರದ್ದು ತಿಂದಿದೆ ಸಾರ್ ಇದು,” ಎಂದಳು ಯಂತ್ರದಮ್ಮ.

“ಎಲ್ಲರ ಎಂಜಲು ತಿನ್ನೋ ಹೊಟ್ಟೆ. ಯಾವತ್ತೋ ಒಂದಿನ ಕೆಡುತ್ತೆ,” ಎಂದ ಅವನು.

“ನಿಮ್ಮ ಕಾಲದಲ್ಲಿ ಕೆಟ್ಟಿರಲಿಲ್ಲ.”

“ಈಗ ನನ್ನ ಕಾಲ ಅಲ್ವಲ್ಲಮ್ಮ.”

ಈ ಮಾತು ಊಟದ ಹೊತ್ತಿಗೆ ಅಂಗಳವೆಲ್ಲ ಸುತ್ತಿ ಬಂತು. ಅದಕ್ಕಾಗಿಯೇ ಹೇಳಿದ್ದ.

ದೊಡ್ಡಳಿಯ ಗಾಬರಿಯಾದ. ಗಾಬರಿಯಾದವರು ಮಾಡುವುದನ್ನೇ ಮಾಡಿದ, ಇನ್ನಷ್ಟು ತಿನ್ನಿಸಿದ. ಗ್ಯಾಸು ಕಡಿಮೆಯಾದರೆ ಊಟ ಕಡಿಮೆಯಾಗಿದೆ ಎಂದು ಅವನ ತರ್ಕ. ಬೇಕರಿಯ ಸಿಹಿ ಕಸವನ್ನೆಲ್ಲ ತರಿಸಿ ಸುರಿಸಿದ. ವಾಂತಿ ಮಾಡುವ ಮಗುವಿಗೆ ಕೇಕು ತಿನ್ನಿಸಿದ ಹಾಗಾಯಿತು. ಚಿಕ್ಕಳಿಯ ಬೇಡವೆನ್ನಲಿಲ್ಲ, ಹಿಂದೆ ನಿಂತು ಡ್ರಮ್ಮು ಎತ್ತಿಕೊಟ್ಟ. ಇಷ್ಟು ಒಳ್ಳೆಯ ಪಾಲುದಾರ ಸಿಗುತ್ತಾನೆಂದು ಅವನು ಯೋಜನೆ ಹಾಕುವಾಗ ಊಹಿಸಿರಲಿಲ್ಲ. ಪ್ರಯೋಗಾಲಯಕ್ಕೆ ಗಸಿ ಕಳಿಸಿದರು. ವಿಷವಿಲ್ಲ, ಉಪ್ಪಿಲ್ಲ, ಔಷಧಿಯಿಲ್ಲ, ಹುಳಿ ಮಾತ್ರ ಜಾಸ್ತಿ ಎಂದು ಅಲ್ಲಿನವರು ಫೋನಿನಲ್ಲಿ ಹೇಳಿದರು. ಹಣ್ಣಿನ ಸಿಪ್ಪೆಗೆ ಪರೀಕ್ಷೆ ಮಾಡಿ ಎಂದು ಯಾರು ಕೇಳುತ್ತಾರೆ?

ಕೇಳಬಹುದಾಗಿದ್ದ ಒಬ್ಬರು ಚಿಕ್ಕಳಿಯನಿಗೇ ಫೋನು ಮಾಡಿದರು.

“ಸಿಪ್ಪೆ ಏನಾದ್ರೂ ಒಳಗೆ ಬಂತಾ?” ಮಾವನ ದನಿ ತಗ್ಗಿತ್ತು.

“ಒಂದು ಚೂರೂ ಇಲ್ಲ ಮಾವ. ಬಾಗಿಲಲ್ಲಿ ನಾನೇ ನಿಂತಿರ್ತೀನಲ್ಲ.”

“ನೀನಿದ್ದೀಯ ಅಂತಾನೇ ನಂಗೆ ಧೈರ್ಯ,” ಎಂದರು ಮಾವ.

ಅಂದು ಮಧ್ಯಾಹ್ನ ಅವನು ತೊಟ್ಟಿಯ ಗೋಡೆಗೆ ಅಂಗೈ ಒತ್ತಿ ನಿಂತ. ಗೋಡೆ ಬೆಚ್ಚಗೇ ಇತ್ತು, ಒಳಗೆ ಗುಳುಗುಳು ಎನ್ನುವ ಸದ್ದು ಮಾತ್ರ ಇರಲಿಲ್ಲ. ಅವನಿಗೆ ನಿಜವಾಗಿಯೂ ದುಃಖವಾಯಿತು, ಕಣ್ಣು ತುಂಬಿತು. ಸ್ವಲ್ಪ ತಡ್ಕೋ, ಆಮೇಲೆ ನಾನೇ ನೋಡ್ಕೋತೀನಿ ಎಂದು ಗೋಡೆಗೆ ಹೇಳಿದ. ಹೇಳಿ, ಕಣ್ಣೊರೆಸಿಕೊಂಡು, ಚೀಲ ಬಿಚ್ಚಿದ.

ಮನೆಯಲ್ಲಿ ಆಶ್ಚರ್ಯಗಳು ನಡೆಯುತ್ತಿದ್ದವು. ಒಂದು ಸಂಜೆ ಹೆಂಡತಿ ಸ್ನಾನ ಆಯ್ತಾ ಎಂದು ಕೇಳಲಿಲ್ಲ. ಮರೆತಳೇನೋ ಅಂದುಕೊಂಡ. ಮರುದಿನವೂ ಕೇಳಲಿಲ್ಲ. ಊಟಕ್ಕೆ ಎದುರು ಕೂರುತ್ತಿದ್ದವಳು ಪಕ್ಕಕ್ಕೆ ಬಂದಳು. ನಡುಮನೆಯ ಹಾಸಿಗೆ ಒಂದು ದಿನ ಇದ್ದಕ್ಕಿದ್ದಂತೆ ಒಳಕೋಣೆಗೆ ಹೋಯಿತು. ರಜೆಯ ದಿನ ಕಾರಲ್ಲಿ ಒಂದು ಸುತ್ತು ಹೋಗೋಣ್ವಾ ಎಂದು ಅವಳೇ ಕೇಳಿದಳು. ಮದುವೆಯಾದ ಮೇಲೆ ಅವಳು ಆ ಕಾರಿಗೆ ಹತ್ತಿದ್ದೇ ಕಡಿಮೆ, ಹತ್ತಿದರೂ ತಲೆಯನ್ನು ಕಿಟಕಿಯ ಆಚೆಗಿಟ್ಟುಕೊಂಡು ಕೂರುತ್ತಿದ್ದಳು. ಈಗ ಕಿಟಕಿ ಏರಿಸಿ, ಸೀಟಿಗೆ ಒರಗಿ, ಕಣ್ಣು ಮುಚ್ಚಿ ಕೂತಳು. ಮಗಳು ಹಿಂದಿನಿಂದ ಅವನ ಕುತ್ತಿಗೆಗೆ ಜೋತುಬಿದ್ದಳು.

ಚಿಕ್ಕಳಿಯ ಇದಕ್ಕೆ ಕಾರಣ ಹುಡುಕಿದ, ಸಿಕ್ಕಿತು. ಗೆಲ್ಲಲಿರುವ ಗಂಡಸಿನ ಮುಖಕ್ಕೆ ಒಂದು ಕಳೆ ಬರುತ್ತದೆ. ಅವನು ಏನೂ ಹೇಳದಿದ್ದರೂ ಹೆಂಡತಿಯಾದವಳಿಗೆ ಅದು ಗೊತ್ತಾಗುತ್ತದೆ. ಇಷ್ಟು ದಿನ ಸೋತವನ ಹಾಗೆ ಮನೆಗೆ ಬರುತ್ತಿದ್ದೆ, ಈಗ ಯಜಮಾನನ ಹಾಗೆ ಬರುತ್ತಿದ್ದೇನೆ, ಅಷ್ಟೇ ವ್ಯತ್ಯಾಸ. ಅವನು ಅಷ್ಟು ಸಂತೋಷವಾಗಿ ಹಿಂದೆಂದೂ ಇರಲಿಲ್ಲ. ಅಪರಾಧ ಮಾಡುವವರು ನಿದ್ದೆಗೆಡುತ್ತಾರೆ ಎನ್ನುವುದೆಲ್ಲ ಸುಳ್ಳು. ಅವನಿಗೆ ಒಳಕೋಣೆಯಲ್ಲಿ ಸೊಗಸಾದ ನಿದ್ದೆ ಬರುತ್ತಿತ್ತು.

ನಗರಸಭೆಯವರು ಬಂದ ದಿನ ಎಲ್ಲ ಯೋಜನೆಯಂತೆಯೇ ಕೆಟ್ಟಿತು. ಬೇಕರಿಯ ಒಲೆ ಬೆಳಿಗ್ಗೆಯೇ ಆರಿ ಬ್ರೆಡ್ಡು ಅರೆಬೆಂದು ಕೂತಿತ್ತು. ಹಾಸ್ಟೆಲಿನ ಅಡುಗೆಯವನು ಗೇಟಿಗೆ ಬಂದು ನಿಂತಿದ್ದ, ಅವನ ಕೈಯಲ್ಲಿ ಸೌಟಿತ್ತು. ಅತ್ತರಿನ ಮಾಸ್ಕು ಹಾಕಿಕೊಂಡ ಅತಿಥಿಗಳ ಮುಂದೆ ದೊಡ್ಡಳಿಯ ಗಾಳಿಯಲ್ಲಿ ಸೊನ್ನೆ ಸುತ್ತಿದ. ತಿಂದದ್ದು ಬೆಂಕಿಯಾಗುತ್ತದೆ, ಬೆಂಕಿ ಊಟವಾಗುತ್ತದೆ, ಊಟ ಮತ್ತೆ ಬೆಂಕಿಯಾಗುತ್ತದೆ.

“ಚೆನ್ನಾಗಿದೆ,” ಎಂದರು ಅತಿಥಿಗಳಲ್ಲಿ ಹಿರಿಯರು. “ಬೆಂಕಿ ಎಲ್ಲಿ?”

ದೊಡ್ಡಳಿಯ ಒಲೆಗೆ ಕಡ್ಡಿ ಗೀರಿದ. ಕಡ್ಡಿ ಚೆನ್ನಾಗಿ ಉರಿಯಿತು. ಬೆರಳು ಸುಡುವವರೆಗೂ ಹಿಡಿದಿದ್ದ, ಆಮೇಲೆ ಇನ್ನೊಂದು ಗೀರಿದ. ಎಲ್ಲರ ಹಿಂದೆ ನಿಂತಿದ್ದ ಚಿಕ್ಕಳಿಯ ತಲೆ ತಗ್ಗಿಸಿದ. ನೋಡಿದವರು ಅವನಿಗೆ ಅವಮಾನವಾಗಿದೆ ಅಂದುಕೊಂಡರು.

ಅಂದಿನಿಂದ ಅವನು ಜ್ಯೂಸ್ ಅಂಗಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಚೀಲಗಳನ್ನು ಕೊನೆಯ ಸಲ ಕೊಡವಿ ಗುಜರಿಗೆ ಹಾಕಿದ. ಎರಡು ದಿನ ಬಿಟ್ಟು ಭಾನುವಾರ ಮಾವ ಇಬ್ಬರು ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ಊಟಕ್ಕೆ ಕರೆದರು. ಹೆಂಡತಿ ಅವನಿಗೆ ಒಳ್ಳೆಯ ಅಂಗಿ ತೆಗೆದುಕೊಟ್ಟಳು, ಗುಂಡಿಯನ್ನೂ ತಾನೇ ಹಾಕಿದಳು. ಕಾರಲ್ಲಿ ಅವನ ಭುಜಕ್ಕೆ ಒರಗಿಕೊಂಡೇ ಬಂದಳು.

ಊಟ ಮುಗಿಯುವವರೆಗೆ ಯಾರೂ ಕಾರ್ಖಾನೆಯ ಮಾತೆತ್ತಲಿಲ್ಲ. ದೊಡ್ಡಳಿಯ ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟ. ಬೇರೆ ದಿನವಾಗಿದ್ದರೆ ಅದನ್ನು ಅವನೇ ವರ್ತುಲಕ್ಕೆ ಸೇರಿಸುತ್ತಿದ್ದ. ಅತ್ತೆ ತಟ್ಟೆಗಳನ್ನು ಒಳಗೆ ಒಯ್ದು ಬಂದು ಕೂತರು. ಮಾವ ಕೈ ಒರೆಸಿಕೊಂಡು, ಜೇಬಿನಿಂದ ಗಾಜಿನ ಕೋಣೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

“ತಪ್ಪು ನಂದು,” ಎಂದರು. “ಮಾತು ಕೇಳಿ ಮರುಳಾದೆ. ಅದು ಬದುಕುತ್ತಾ?”

“ಒಂದು ತಿಂಗಳು ಕೊಡಿ ಮಾವ, ಎಬ್ಬಿಸ್ತೀನಿ.” ಚಿಕ್ಕಳಿಯ ದನಿ ಏರಿಸಲಿಲ್ಲ. ಷಡ್ಡಕನ ಕಡೆ ತಿರುಗಿ, “ಭಾವನ ತಪ್ಪೇನೂ ಇಲ್ಲ, ಅದರ ಗ್ರಹಚಾರ,” ಎಂದೂ ಸೇರಿಸಿದ. ಗೆದ್ದವನು ದೊಡ್ಡ ಮನಸ್ಸು ಮಾಡಿದರೆ ನೋಡಲು ಚೆನ್ನ ಎಂದು ಅವನು ಮೊದಲೇ ಯೋಚಿಸಿಟ್ಟಿದ್ದ ಮಾತು ಅದು.

ಮಾವ ಕೀಲಿಯನ್ನು ಅವನತ್ತ ಸರಿಸಿದರು. ಅವನ ಕೈ ಅದರ ಮೇಲೆ ಬಿತ್ತು, ಮಾವನ ಬೆರಳು ಇನ್ನೂ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಹೆಂಡತಿ ಅಕ್ಕನ ಕಡೆ ತಿರುಗಿದಳು. “ಇವರಿಗೆ ಇದು ಸಿಗ್ಬೇಕಿತ್ತು ಕಣಕ್ಕ. ಎಷ್ಟು ಬದಲಾಗಿದಾರೆ ಗೊತ್ತಾ? ಮೊದ್ಲೆಲ್ಲ ಪಕ್ಕದಲ್ಲಿ ಕೂರೋದಕ್ಕೇ ಆಗ್ತಿರ್ಲಿಲ್ಲ. ಈಗ ಒಂದೆರಡು ತಿಂಗಳಿಂದ ಕೆಲಸ ಮುಗಿಸಿ ಬಂದ್ರೆ ಮೈಯೆಲ್ಲ ಕಿತ್ತಳೆ ಹಣ್ಣಿನ ಘಮ. ಅಂಗಿ, ತಲೆದಿಂಬು, ಕಾರು, ಎಲ್ಲ ಅದೇ. ನನಗೋಸ್ಕರ ಅಂತ ಏನೋ ತಂದು ಹಚ್ಕೋತಾರೆ. ಏನಂತ ನಾನೂ ಕೇಳಿಲ್ಲ, ಕೇಳಿದ್ರೆ ನಾಚಿಕೊಂಡು ನಿಲ್ಲಿಸ್ಬಿಡ್ತಾರೇನೋ ಅಂತ.” ಅಕ್ಕ, ಹೌದು, ಕಾರಿನ ಬಾಗಿಲು ತೆಗೆದಾಗ್ಲೇ ನಂಗೂ ಬಂತು ಎಂದಳು. ಅತ್ತೆ, ಅವತ್ತು ಮಗೂನ ಬಿಡೋಕೆ ಬಂದಾಗಲೂ ಇತ್ತಪ್ಪ, ಬರೀ ಸಿಪ್ಪೆ ಸುಲಿದ ಹಾಗೆ ಎಂದರು. ಮಾವ ಅಳಿಯನ ಮುಖವನ್ನು ನೋಡುತ್ತಲೇ ಕೀಲಿಯನ್ನು ಅವನ ಅಂಗೈ ಕೆಳಗಿನಿಂದ ನಿಧಾನವಾಗಿ ತಮ್ಮತ್ತ ಎಳೆದುಕೊಂಡರು. ಚಿಕ್ಕಳಿಯ ಎಲ್ಲರೂ ನೋಡುತ್ತಿರುವಾಗಲೇ ತೋಳನ್ನು ಎತ್ತಿ, ಅಂಗಿಯ ಬಟ್ಟೆಗೆ ಮೂಗು ಒತ್ತಿ, ಎದೆ ತುಂಬ ಉಸಿರೆಳೆದ. ಯಾವ ವಾಸನೆಯೂ ಬರಲಿಲ್ಲ.